ಆರಿಸುವವರಿಲ್ಲದ ಸಸಿಮಡಿ

ಹಮ್ಮಾಮ್ ಲಿಫ್
೧೯ ಜನವರಿ ೨೦೨೫

ಅಕ್ಕ,

“ಗ್ರಂಥಿ ಚೆನ್ನಾಗಿ ಕೆಲಸ ಮಾಡ್ತಿದೆ, ಮಗುವಿನಲ್ಲಿ ಹುಟ್ಟಿನ ದೋಷ ಏನೂ ಇಲ್ಲ” ಎಂದೋ, “ದೋಷ ಇದ್ದಿದ್ದರೆ ಗ್ರಂಥಿ ಹೀಗಿರುತ್ತಿರಲಿಲ್ಲ” ಎಂದೋ, ಎರಡರಲ್ಲಿ ಒಂದು. ಅಪ್ಪ ಅದನ್ನು ನೆನೆದು ಎರಡೂ ರೀತಿ ಹೇಳುತ್ತಿದ್ದರು. ನಮ್ಮ ತಮ್ಮ ಹಮ್ಮೂದನ ಕಿವಿಯ ಕೆಳಗಿನ ಗಂಟನ್ನು ತೆಗೆಸಿ ಪರೀಕ್ಷೆಗೆ ಕಳಿಸಿದ ಆ ಮುದಿ ಡಾಕ್ಟರ ಮಾತು. ತಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ನಿನಗೆ ಹನ್ನೊಂದು. ನಿನಗೆ ಸರಿಯಾಗಿ ನೆನಪಿರಬೇಕು. ಕೆಲವು ವಾರಗಳಿಂದ ಆ ವಾಕ್ಯ ನನ್ನ ತಲೆಯಲ್ಲಿ ಸುತ್ತುತ್ತಿದೆ. ಹಾಡಿನ ಹಾಗಲ್ಲ, ಬಾಗಿಲಿನ ಸಡಿಲ ಚಿಲಕದ ಹಾಗೆ.

ಬರೆಯುವುದು ತಡವಾಯಿತು, ಬೇಸರಿಸಬೇಡ. ನವೆಂಬರಿನಲ್ಲಿ ನೀನು ಕಳಿಸಿದ ಖರ್ಜೂರದ ಪೆಟ್ಟಿಗೆ ತಲುಪಿ, ಹಂಚಿ, ತಿಂದು, ಖಾಲಿ ಪೆಟ್ಟಿಗೆಯಲ್ಲಿ ಈಗ ಬೆಕ್ಕು ಮಲಗುತ್ತದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹಮ್ಮೂದನ ಹೆಸರು ಬಂದ ಕೂಡಲೇ ನೀನು ಮಾತನ್ನು ನಿಮ್ಮ ತೋಜರ್ ಊರಿನ ಸೆಕೆಗೋ, ಶಾಲೆಯ ಇನ್ಸ್‌ಪೆಕ್ಟರಿಗೋ ತಿರುಗಿಸುತ್ತೀಯ. ಕಾಗದಕ್ಕೆ ಮಾತು ತಿರುಗಿಸಲು ಬರುವುದಿಲ್ಲ, ಅದೊಂದು ಅನುಕೂಲ.

ಪಕ್ಕದ ಮನೆಯ ಬಹೀಜಾ ನಿನ್ನನ್ನು ಕೇಳುತ್ತಿದ್ದಳು. “ನಿನ್ನ ಅಕ್ಕ ಆ ಮರಳುಗಾಡಲ್ಲಿ ಏನ್ ಮಾಡ್ತಾಳೆ? ಸಮುದ್ರದ ದಂಡೇಲಿ ಹುಟ್ಟಿದೋಳು.” ಭಾವನ ಕೆಲಸ ಅಲ್ಲಿ ಎಂದೆ. ಪ್ರತಿ ವರ್ಷವೂ ಅದನ್ನೇ ಹೇಳುತ್ತೇನೆ. ಅವಳೂ ಪ್ರತಿ ವರ್ಷ ತಲೆದೂಗಿ, ನಂಬದೆ, ಒಳಗೆ ಹೋಗುತ್ತಾಳೆ.

ಈಗ ವಿಷಯ. ಸೆಪ್ಟೆಂಬರಿನಲ್ಲಿ ನಮ್ಮ ಪ್ರಯೋಗಾಲಯಕ್ಕೆ ಒಂದು ಗ್ರಂಥಿ ಬಂತು. ಸೀದಿ ಬೂಝೀದ್ ಕಡೆಯ ಹೆಣ್ಣುಮಗು, ಇನ್ನೂ ವರ್ಷ ತುಂಬಿರಲಿಲ್ಲ, ಹೆಸರು ರಿತಾಜ್. ಎದೆಯ ಸೋಂಕು ಒಂದು ಹೋದರೆ ಇನ್ನೊಂದು. ಕಿವಿಯ ಕೆಳಗೆ ಗಂಟು. ತಂದೆ ತಾಯಿ ಒಬ್ಬರಿಗೊಬ್ಬರು ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ನಮ್ಮ ಮನೆಯಲ್ಲಿದ್ದ ಹಾಗೆ. ಮಕ್ಕಳ ವಾರ್ಡಿನವರಿಗೆ ಒಂದು ಅನುಮಾನವಿತ್ತು: ಈ ಮಗುವಿನ ರಕ್ತದಲ್ಲಿ ಉಳಿದ ಕೋಶಗಳಿಗೆ ದಾರಿ ಹೇಳುವ ಸಹಾಯಕ ಕೋಶಗಳೇ ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿನಿಂದಲೇ. ಆದರೆ ಊರಿನಲ್ಲಿ ಮಗುವಿಗೆ ಬೇರೆಯವರ ರಕ್ತ ಕೊಟ್ಟಿದ್ದರಿಂದ ರಕ್ತಪರೀಕ್ಷೆ ಒಂದು ಸಲ ಹೌದೆನ್ನುತ್ತಿತ್ತು, ಒಂದು ಸಲ ಅಲ್ಲವೆನ್ನುತ್ತಿತ್ತು. ಅನುಮಾನ ನಿಜವಾದರೆ ಉಳಿಯಲು ಒಂದೇ ದಾರಿ, ಆ ಮಗುವಿನ ಅಕ್ಕನ ಮೂಳೆಮಜ್ಜೆಯನ್ನು ತಂಗಿಗೆ ಕೊಡುವುದು. ಅಕ್ಕ ಮಾಲೆಕ್‌ಗೆ ಹತ್ತು ವರ್ಷ. ಅವಳದ್ದು ಹೊಂದುತ್ತಿತ್ತು. ಅನುಮಾನ ಸುಳ್ಳಾದರೆ ಅಂಥ ಚಿಕಿತ್ಸೆಯೇ ಮಗುವನ್ನು ಕೊಲ್ಲಬಹುದು. ಹಾಗಾಗಿ ಎಲ್ಲರೂ ಗ್ರಂಥಿಯ ಕಡೆ ನೋಡುತ್ತಿದ್ದರು.

ನೀನು ಲೆಕ್ಕದ ಟೀಚರು, ನಿನಗೆ ಸುಲಭವಾಗಿ ಹೇಳುತ್ತೇನೆ. ರೋಗಾಣು ಬಂದಾಗ ಗ್ರಂಥಿಯೊಳಗೆ ಬಿ ಕೋಶಗಳು ಒಂದೆಡೆ ಸೇರಿ ರಭಸದಿಂದ ಹೆಚ್ಚುತ್ತವೆ. ದುಂಡಗಿನ ಗುಂಪು, ಒಂದು ಪಕ್ಕ ಕಪ್ಪು, ಒಂದು ಪಕ್ಕ ಬೆಳಕು. ಜರ್ಮಿನಲ್ ಸೆಂಟರ್ ಎನ್ನುತ್ತೇವೆ. ನಮ್ಮ ಟೆಕ್ನಿಷಿಯನ್ ಖಮೈಸ್ ಅದನ್ನು ಮಶ್ತ್ಲಾ ಎನ್ನುತ್ತಾನೆ, ಸಸಿಮಡಿ. ಅವನ ಅಪ್ಪನಿಗೆ ಮೆಣಸಿನ ಹೊಲವಿತ್ತು. ಆ ಗುಂಪಿನಲ್ಲಿ ಹುಟ್ಟುವ ಒಂದೊಂದು ಕೋಶವೂ ತುಸು ಬೇರೆ. ಆಮೇಲೆ ಸಹಾಯಕರಾದ ಟಿ ಕೋಶಗಳು ಬಂದು, ನೀನು ಉಳಿ ಎಂದು ಕೆಲವಕ್ಕೆ ಹೇಳುತ್ತವೆ. ಹೇಳಿಸಿಕೊಳ್ಳದವು ಸಾಯುತ್ತವೆ. ಉಳಿದವು ಮಗುವನ್ನು ಕಾಯುತ್ತವೆ. ಸಹಾಯಕರಿಲ್ಲದೆ ಸಸಿಮಡಿಯೇ ಏಳುವುದಿಲ್ಲ ಎಂದು ನಾವು ಓದಿದ ಪುಸ್ತಕಗಳಲ್ಲಿತ್ತು.

ರಿತಾಜ್‌ಳ ಗ್ರಂಥಿಯಲ್ಲಿ ಸಸಿಮಡಿಗಳಿದ್ದವು.

ಮಕ್ಕಳ ವಾರ್ಡಿನ ಡಾಕ್ಟರ್ ವಜ್ದಿ ಮೊದಲ ಸ್ಲೈಡ್ ನೋಡಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಬುದ್ಧಿವಂತ ಹುಡುಗ, ಖುಷಿಯಾದಾಗ ಅವಸರ. “ಮದಾಮ್, ಇದು ಆ ರೋಗ ಅಲ್ವೇ ಅಲ್ಲ. ಗ್ರಂಥಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ,” ಎಂದ.

ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ನಲವತ್ತೈದು ವರ್ಷದ ಹಿಂದಿನ ವಾಕ್ಯವನ್ನು ಬೇರೆ ಬಾಯಿಯಿಂದ ಕೇಳಿದಾಗ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವನಿಗೆ ತೋರಿಸುವುದು ಬೇಡವೆನಿಸಿತು. ಇನ್ನೂ ಆಳಕ್ಕೆ ಕತ್ತರಿಸಿ ನೋಡೋಣ ಎಂದಷ್ಟೇ ಹೇಳಿದೆ.

ಇಲಿಗಳಲ್ಲಿ ಇದು ಹಳೆಯ ಸುದ್ದಿ, ಅಕ್ಕ. ಕೆಲವು ರೋಗಾಣುಗಳ ಮೈಮೇಲೆ ಸಕ್ಕರೆಯ ಹೊದಿಕೆಯಿರುತ್ತದೆ, ನಮ್ಮ ಅಂಗಳದ ಟೈಲ್ಸಿನ ಹಾಗೆ ಒಂದೇ ಚಿತ್ತಾರ ಮತ್ತೆ ಮತ್ತೆ. ಅದು ಬಿ ಕೋಶವನ್ನು ಎಷ್ಟು ಬಲವಾಗಿ ಅಲುಗಾಡಿಸುತ್ತದೆಂದರೆ ಅದು ಯಾರನ್ನೂ ಕೇಳದೆ ಹೆಚ್ಚತೊಡಗುತ್ತದೆ. ಸಸಿಮಡಿ ಏಳುತ್ತದೆ. ಅದೇ ದುಂಡು, ಅದೇ ಕಪ್ಪು, ಅದೇ ಬೆಳಕು. ಕೆಲವು ದಿನ ಪಕ್ಕಾ ಅಸಲಿಯಂತೆಯೇ ಇರುತ್ತದೆ. ಆಮೇಲೆ ಆರಿಸುವ ಹೊತ್ತು ಬರುತ್ತದೆ. ಆರಿಸುವವರು ಇಲ್ಲ. ಆಗ ಇಡೀ ಗುಂಪು ಒಟ್ಟಿಗೆ ಕುಸಿಯುತ್ತದೆ. ಕುಸಿಯುವ ಮುಂಚೆ ಗ್ರಂಥಿಯನ್ನು ತೆಗೆದು ನೋಡಿದವನಿಗೆ ಆರೋಗ್ಯವೇ ಕಾಣುತ್ತದೆ. ಅವನು ಸುಳ್ಳು ಹೇಳುವುದಿಲ್ಲ. ಬೇಗ ಬಂದು ನೋಡಿ ಹೋಗಿರುತ್ತಾನೆ, ಅಷ್ಟೆ.

ಮನುಷ್ಯರ ಮಗುವಿನಲ್ಲಿ ನಾನು ಅದನ್ನು ಎಂದೂ ಕಂಡಿರಲಿಲ್ಲ. ಖಮೈಸ್ ಗ್ರಂಥಿಯನ್ನು ಕೆಳಗೆ ಕೆಳಗೆ ಕತ್ತರಿಸುತ್ತ ಹೋದ. ಟಿ ಕೋಶಗಳಿಗೆ ಬಣ್ಣ ಹಚ್ಚಿದೆವು. ಹೊರಗೆ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ಸಸಿಮಡಿಯ ಒಳಗೆ ಏನೂ ಇಲ್ಲ. ಇನ್ನೂ ಆಳದಲ್ಲಿ ಬೇರೆ ಸಸಿಮಡಿಗಳು ಸಿಕ್ಕವು, ಅಥವಾ ಅವುಗಳ ಜಾಗ ಸಿಕ್ಕಿತು. ಸತ್ತ ಕೋಶಗಳ ಪುಡಿ, ಮನೆ ಕೆಡವಿದ ಮೇಲೆ ಉಳಿಯುವ ಗಾರೆಯ ಹಾಗೆ. ಒಂದೇ ಗ್ರಂಥಿಯಲ್ಲಿ ಈಗಷ್ಟೇ ಎದ್ದದ್ದು, ತುಂಬಿ ನಿಂತದ್ದು, ಕುಸಿದದ್ದು. ವಜ್ದಿ ಬಹಳ ಹೊತ್ತು ನೋಡಿದ. “ನಾನು ಮೇಲಿನ ಪದರಕ್ಕೇ ನಿಲ್ಲಿಸಿಬಿಟ್ಟಿದ್ದೆ,” ಎಂದ. ಆಮೇಲೆ, “ನಿಮ್ಮ ಸಸಿಮಡಿಗೆ ನೀರು ಹಾಕಿದೋರು ಯಾರು ಮದಾಮ್?” ಎಂದು ತಮಾಷೆ ಮಾಡಲು ನೋಡಿದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಆದರೆ ಅಷ್ಟರಲ್ಲಿ ತಾಯಿ ಮಗುವನ್ನು ಎತ್ತಿಕೊಂಡು ಊರಿಗೆ ಹೋಗಿಬಿಟ್ಟಿದ್ದಳು.

(ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ನಡುವೆ ಕರೆಂಟು ಹೋಯಿತು, ಆಮೇಲೆ ಬಂತು, ಆದರೂ ಬರೆಯಲಿಲ್ಲ.)

ತಾಯಿಯ ಹೆಸರು ಹಸ್ನಾ. ಸಸಿ ಬೆಳೆಸುವ ಪ್ಲಾಸ್ಟಿಕ್ ಮನೆಯಲ್ಲಿ ಕೆಲಸ, ಮೆಣಸು, ಟೊಮೆಟೊ. ಅವಳು ಕಾರಿಡಾರಿನಲ್ಲಿ ಖಮೈಸ್‌ನನ್ನು ಹಿಡಿದು, ನನ್ನ ಮಗಳಲ್ಲಿ ಏನು ಕಂಡಿತು ಎಂದು ಕೇಳಿದ್ದಳು. ಒಂದೇ ಕಡೆಯವರು, ಮಾತಿನ ಧಾಟಿ ಒಂದೇ. ಅವನು ಸಮಾಧಾನಕ್ಕೆ, ಒಳ್ಳೆಯ ಮನಸ್ಸಿನಿಂದ, “ಮಶ್ತ್ಲಾ ಕಂಡಿದೆ ತಂಗಿ, ಚೆನ್ನಾಗಿ ಎದ್ದಿದೆ,” ಎಂದಿದ್ದ. ವಾರ್ಡಿನವರು ಅವಳಿಗೆ ಹೇಳುತ್ತಿದ್ದದ್ದು ಮಜ್ಜೆಯ ಝರ್ಅ. ಗಿಡ ನೆಡುವುದಕ್ಕೂ ಒಬ್ಬರ ಮಜ್ಜೆಯನ್ನು ಇನ್ನೊಬ್ಬರಿಗೆ ಹಾಕುವುದಕ್ಕೂ ನಮ್ಮಲ್ಲಿ ಒಂದೇ ಪದವಲ್ಲವೇ. ಅವಳು ನರ್ಸಿಗೆ ಹೇಳಿ ಹೋದದ್ದು ಇಷ್ಟು: ಮಗಳ ಕತ್ತಿನಲ್ಲೇ ಸಸಿಮಡಿ ಎದ್ದಿರುವಾಗ ಬೇರೆ ಸಸಿ ತಂದು ಯಾಕೆ ನೆಡಬೇಕು, ಅದೂ ಇನ್ನೊಂದು ಮಗುವಿನ ಮೂಳೆಯಿಂದ ಕಿತ್ತು? ವಜ್ದಿ ಪುಸ್ತಕದ ಭಾಷೆಯಲ್ಲಿ ಮಾಡಿದ ತಪ್ಪನ್ನೇ ಅವಳು ಹೊಲದ ಭಾಷೆಯಲ್ಲಿ ಮಾಡಿದ್ದಳು.

ಫೋನು ಮಾಡಿದರೆ ಗಂಡ ಎತ್ತುತ್ತಿದ್ದ, ನೋಡೋಣ ಎನ್ನುತ್ತಿದ್ದ. ನಾನು ಹೋದೆ. ಸ್ಲೈಡು ನೋಡುವವಳು ರೋಗಿಯ ಮನೆಗೆ ಹೋಗುವುದಿಲ್ಲ, ಅದು ನನ್ನ ಕೆಲಸವಲ್ಲ. ಬೆಳಗಿನ ಲುವಾಜ್ ವ್ಯಾನು ಹತ್ತಿ, ಕಿಟಕಿಯ ಪಕ್ಕ ಕೂತು, ಯಾಕೆ ಹೋಗುತ್ತಿದ್ದೇನೆ ಎಂದು ನನ್ನನ್ನು ಕೇಳಿಕೊಳ್ಳಲಿಲ್ಲ. ಅಲ್ಲಿಂದ ಗಫ್ಸಾ ದಾಟಿದರೆ ನಿನ್ನ ಊರು ಅಷ್ಟೇನೂ ದೂರವಿರಲಿಲ್ಲ. ಅದನ್ನೂ ಕೇಳಿಕೊಳ್ಳಲಿಲ್ಲ.

ಮನೆ ರಸ್ತೆಯ ಪಕ್ಕದಲ್ಲೇ. ಹಸ್ನಾಳ ಅತ್ತೆ ಒಲೆಯಿಂದ ಆಗಷ್ಟೇ ತೆಗೆದ ತಬೂನಾ ರೊಟ್ಟಿ, ಆಲಿವ್ ಎಣ್ಣೆ, ಹರೀಸಾ ಚಟ್ನಿ ಇಟ್ಟಳು. ನನ್ನ ಕೆಲಸವೇನು, ಮಕ್ಕಳೆಷ್ಟು ಎಂದು ವಿಚಾರಿಸಿದಳು. ಇಲ್ಲ ಎಂದಾಗ ಕನಿಕರದಿಂದ ಇನ್ನೊಂದು ರೊಟ್ಟಿ ಇಟ್ಟಳು. ರಿತಾಜ್ ಚಾಪೆಯ ಮೇಲೆ ಮಲಗಿತ್ತು, ಉಸಿರಿನಲ್ಲಿ ಸಣ್ಣ ಸದ್ದು. ಅದರ ಪಕ್ಕದಲ್ಲಿ ಮಾಲೆಕ್ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಮಗುವನ್ನು ಮುಟ್ಟುತ್ತಿರಲಿಲ್ಲ.

“ಇವಳೇ ಮಾಳಿಗೆ ಮೇಲೆ ಎತ್ಕೊಂಡು ಹೋಗಿದ್ದು, ಪಾರಿವಾಳ ತೋರಿಸ್ತೀನಿ ಅಂತ,” ಎಂದಳು ಅತ್ತೆ. “ಗಾಳಿ ಹೊಡೀತು. ಅವತ್ತಿಂದ ಮಗು ಎದೆ ನೆಟ್ಟಗಿಲ್ಲ.” ಸಾರಿಗೆ ಉಪ್ಪು ತುಸು ಹೆಚ್ಚಾಯಿತು ಎನ್ನುವ ದನಿಯಲ್ಲಿ. ದ್ವೇಷವೇನೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಬಂದವಳಿಗೂ ಹೇಳಿದಳು, ಅಷ್ಟೆ. ಮಾಲೆಕ್ ತಲೆ ಎತ್ತಲಿಲ್ಲ. ನಾನು ರೊಟ್ಟಿ ಮುರಿಯುತ್ತಿದ್ದೆ. ಮುರಿದ ತುಂಡು ಕೈಯಲ್ಲೇ ತಣ್ಣಗಾಯಿತು.

ಹಸ್ನಾ ಪ್ಲಾಸ್ಟಿಕ್ ಮನೆಯಲ್ಲಿದ್ದಳು. ಬಟ್ಟಲುಗಳ ಸಾಲು, ಬೆರಳುದ್ದದ ಮೆಣಸಿನ ಸಸಿಗಳು. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

“ಡಾಕ್ಟ್ರಮ್ಮ, ಯಾವತ್ತಾದ್ರೂ ಸಸಿ ನೆಟ್ಟಿದೀರಾ?”

ಇಲ್ಲ ಎಂದೆ.

“ಕೈ ನೋಡಿದ್ರೇ ಗೊತ್ತಾಗುತ್ತೆ ಬಿಡಿ. ಸಾಬೂನಿನ ಕೈ.”

ನಾನು ಎರಡು ಫೋಟೋ ತಂದಿದ್ದೆ. ಮೊದಲನೆಯದನ್ನು ಅವಳು ಮೆಚ್ಚಿ ನೋಡಿದಳು. ದುಂಡು ದುಂಡಾಗಿ, ಒತ್ತಾಗಿ. ಎರಡನೆಯದನ್ನು ಬೆಳಕಿಗೆ ಹಿಡಿದಳು.

“ಇದು ಯಾರ ಮಗುದು, ಪಾಪ?”

“ಇದೂ ರಿತಾಜ್‌ದೇ.”

ಅವಳು ಎರಡನ್ನೂ ಒಟ್ಟಿಗೆ ಹಿಡಿದುಕೊಂಡಳು. ಬೆರಳಿನ ಮಣ್ಣು ಫೋಟೋಗೆ ಹತ್ತಿತು.

“ಮೊದಲನೇದು ಚೆನ್ನಾಗಿತ್ತಲ್ಲ.”

“ಮೊದಲು ಚೆನ್ನಾಗೇ ಬರುತ್ತೆ, ಹಸ್ನಾ. ಶುರುವಾಗೋಕೆ ಅದಕ್ಕೆ ಯಾರ ಸಹಾಯಾನೂ ಬೇಕಿಲ್ಲ. ಆಮೇಲೆ, ನೀನು ಉಳಿ ಅಂತ ಹೇಳೋರು ಬೇಕು. ಇವಳೊಳಗೆ ಹೇಳೋರು ಇಲ್ಲ.”

“ಹೇಳೋರು ಇಲ್ದಿದ್ರೆ?”

“ಎಲ್ಲ ಒಟ್ಟಿಗೆ ಹೋಗುತ್ತೆ. ಪ್ರತಿ ಸಲವೂ.”

ಅವಳು ಫೋಟೋಗಳನ್ನು ಸಸಿಗಳ ಬಟ್ಟಲಿನ ಮೇಲೆ ಇಟ್ಟಳು. ಕೇಳಿದಳು, “ಆ ಹೇಳೋರು ಮಾಲೆಕ್ ಹತ್ರ ಇದಾರಾ?”

ಇದ್ದಾರೆ ಎಂದೆ. ಹಾಗಂದ ಮಾತ್ರಕ್ಕೆ ಇವಳಲ್ಲಿ ಹೋಗಿ ಬದುಕುತ್ತಾರೆ ಎಂದು ಮಾತು ಕೊಡಲಾರೆ, ಮಜ್ಜೆ ಕೊಡದೆ ಇದ್ದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತು ಎಂದೂ ಹೇಳಿದೆ. ಅವಳು ಕೈ ತೊಳೆಯಲು ಹೋದಳು. ಸಾಬೂನು ಹಾಕಿ, ಬಹಳ ಹೊತ್ತು.

ಲುವಾಜ್ ನಿಲ್ಲುವ ಜಾಗದವರೆಗೆ ಮಾಲೆಕ್ ನನ್ನ ಜೊತೆ ಬಂದಳು. ಅಜ್ಜಿ ಕಟ್ಟಿಕೊಟ್ಟ ಒಣಮೆಣಸಿನ ಚೀಲ ಅವಳ ಕೈಯಲ್ಲಿತ್ತು, ನನಗೆ ಕೊಡಲಿಲ್ಲ. ದಾರಿಯಲ್ಲಿ ಅವಳಿಗೆ ಹೇಳಿದೆ: ಅದು ಗಾಳಿಯಿಂದಲ್ಲ. ಹುಟ್ಟುವಾಗಲೇ ಇತ್ತು. ನೀನು ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋಗದಿದ್ದರೂ ಹೀಗೇ ಆಗುತ್ತಿತ್ತು.

ಅವಳು ನಿಂತಳು. ಸಿಟ್ಟಿನಿಂದ ನನ್ನನ್ನು ನೋಡಿದಳು.

“ನಂಗ್ಯಾಕೆ ಹೇಳ್ತೀರಾ? ಅಜ್ಜಿಗೆ ಹೇಳಿ.”

ಲುವಾಜ್ ತುಂಬದೆ ಹೊರಡುವುದಿಲ್ಲ, ತುಂಬಲು ಇನ್ನೂ ಜನ ಬೇಕಿತ್ತು. ನಾವಿಬ್ಬರೂ ವಾಪಸು ಹೋದೆವು. ಅಜ್ಜಿ ಟೀ ಕುದಿಸುತ್ತಿದ್ದಳು. ನಿಂತುಕೊಂಡೇ ಅವಳಿಗೆ ಹೇಳಿದೆ, ಅದೇ ಮಾತುಗಳಲ್ಲಿ, ಮಾಲೆಕ್‌ಗೆ ಕೇಳಿಸುವ ಹಾಗೆ. “ಹಂಗಾದ್ರೆ ಗಾಳಿ ಅಲ್ಲ ಅನ್ನಿ,” ಎಂದಳು. ತಪ್ಪಾಯಿತು ಎನ್ನಲಿಲ್ಲ, ಆ ವಯಸ್ಸಿನವರು ಅನ್ನುವುದಿಲ್ಲ. ಪುದೀನ ಹಾಕಿ ಟೀ ಬಗ್ಗಿಸಿ, ಮೊದಲ ಲೋಟವನ್ನು, ಅತಿಥಿಯಾದ ನನ್ನನ್ನು ಬಿಟ್ಟು, ಮಾಲೆಕ್‌ಗೆ ಕೊಟ್ಟಳು. ಹುಡುಗಿ ಅದನ್ನು ಕುಡಿಯಲಿಲ್ಲ. ಕೆಳಗಿಟ್ಟು, ಹೋಗಿ ತಂಗಿಯನ್ನು ಎತ್ತಿಕೊಂಡಳು.

ಈಗ ಮಗು ತೂನಿಸ್‌ನಲ್ಲಿದೆ, ಗಾಜಿನ ಕೋಣೆಯಲ್ಲಿ. ಮಜ್ಜೆ ಕೊಟ್ಟಾಗಿದೆ. ಕೂದಲೆಲ್ಲ ಉದುರಿದೆ, ಜ್ವರ ಬರುತ್ತದೆ, ಹೋಗುತ್ತದೆ. ಅಕ್ಕನ ಕೋಶಗಳು ಒಳಗೆ ಮನೆ ಮಾಡಿವೆಯೋ ಇಲ್ಲವೋ ಇನ್ನೂ ಹೇಳಲಾಗದು. ಮಾಲೆಕ್ ಸೊಂಟದ ನೋವನ್ನು ಬಂದವರಿಗೆಲ್ಲ ತೋರಿಸುತ್ತಾಳಂತೆ, ಸ್ವಲ್ಪ ಹೆಮ್ಮೆಯಿಂದಲೇ. ಖಮೈಸ್ ಸಸಿಮಡಿ ಎನ್ನುವುದನ್ನು ಬಿಟ್ಟಿದ್ದಾನೆ. ಈಗ ಏನನ್ನೂ ಅನ್ನುವುದಿಲ್ಲ, ಬೆರಳಿನಿಂದ ತೋರಿಸುತ್ತಾನೆ.

ಬೇರೆ ಸುದ್ದಿ ಹೆಚ್ಚಿಲ್ಲ. ಬಾಲ್ಕನಿಯ ಕಬ್ಬಿಣ ಉಪ್ಪುಗಾಳಿಗೆ ಮತ್ತೆ ತುಕ್ಕು ಹಿಡಿದಿದೆ. ಅಮ್ಮನ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದೆ. ನೀನು ಬಂದರೆ ಮಲಗಲು ಜಾಗವಿದೆ. ಆ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಬೆಟ್ಟ ಮಾತ್ರ. ಭಾವನಿಗೆ ನನ್ನ ಸಲಾಂ ತಿಳಿಸು. ಮಕ್ಕಳಿಗೆ ಹಣೆಗೊಂದು ಮುತ್ತು. ದೇವರು ನಿನ್ನ ಮಂಡಿಗೂ ಕಣ್ಣಿಗೂ ಬಲ ಕೊಡಲಿ, ನೀನು ತಿದ್ದುವ ಲೆಕ್ಕಗಳೆಲ್ಲ ಸರಿಯಾಗಿರಲಿ.

ನಿನ್ನ ತಂಗಿ
ದೊರ್ರಾ

ತಾ. ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಜಾಗ ಸಿಗಲಿಲ್ಲ. ಹಮ್ಮೂದನಿಗೆ ಇದೇ ಇತ್ತು ಎಂದು ನಾನು ಸಾಬೀತು ಮಾಡಲಾರೆ. ಅವನ ಗ್ರಂಥಿ ಎಲ್ಲಿಯೂ ಉಳಿದಿಲ್ಲ, ಡಾಕ್ಟರೂ ಉಳಿದಿಲ್ಲ. ಆದರೆ ಅವರ ಮಾತಿನ ಮೇಲೆ ನಮ್ಮ ಮನೆ ಏನನ್ನು ಕಟ್ಟಿತೋ ಅದು ನಿಲ್ಲುವುದಿಲ್ಲ. ಗ್ರಂಥಿ ಚೆನ್ನಾಗಿದೆ, ಮಗುವಿನಲ್ಲಿ ದೋಷವಿಲ್ಲ, ಹಾಗಾದರೆ ದೋಷ ಹೊರಗಿನದು. ಅಮ್ಮ ಹುಡುಕಿದಳು, ಸಿಕ್ಕಿತು. “ಮಾರ್ಚ್ ತಿಂಗಳ ಗಾಳೀಲಿ ಸಮುದ್ರಕ್ಕೆ ಎತ್ಕೊಂಡು ಹೋದಳು.” ಕೊನೆಯವರೆಗೂ ಹೇಳುತ್ತಿದ್ದಳು, ಹೆಸರು ಮಾತ್ರ ಹೇಳುತ್ತಿರಲಿಲ್ಲ, ಬೇಕಿರಲಿಲ್ಲ. ಮಾಲೆಕ್‌ಳ ಅಜ್ಜಿ ಇನ್ನೂ ಇದ್ದಳು, ವಾಪಸು ಹೋಗಿ ಹೇಳಿದೆ. ನಮ್ಮ ಅಮ್ಮ ಹೋಗಿ ಮೂರು ವರ್ಷವಾಯಿತು. ಉಳಿದವಳು ನೀನೊಬ್ಬಳೇ, ನಿನಗೆ ಹೇಳುತ್ತಿದ್ದೇನೆ: ಸಮುದ್ರದಿಂದಲ್ಲ. ಅವತ್ತು ನೀವು ಮನೆಗೆ ಬಂದಾಗ ನಿನ್ನ ನೀಲಿ ಕೋಟು ಹಮ್ಮೂದನ ಮೈಮೇಲಿತ್ತು, ನೀನೇ ಎರಡು ಸುತ್ತು ಸುತ್ತಿ ಗುಂಡಿ ಹಾಕಿದ್ದೆ. ಬಾಗಿಲಲ್ಲಿ ನೀನು ಬರೀ ತೋಳಿನ ಫ್ರಾಕಿನಲ್ಲಿ ನಿಂತಿದ್ದೆ. ಎಲ್ಲರೂ ಮಗುವಿನ ಕೈ ಮುಟ್ಟಿ ನೋಡಿದರು. ನಿನಗೆ ಅವತ್ತು ಚಳಿಯಾಗಲಿಲ್ಲವೇ, ಅಕ್ಕ?